ಕಬ್ಬಿನ ಗದ್ದೆಗೆ ಯಾವ ಹೆಡ್‌ಲ್ಯಾಂಪ್, ಬೆಟ್ಟಕ್ಕೆ ಯಾವುದು?

ರಾತ್ರಿ ಕರೆಂಟ್ ಬಂದಾಗ ಮಂಡ್ಯದ ಗದ್ದೆಗೆ ನೀರು ಕಟ್ಟಬೇಕು, ಭಾನುವಾರ ಬೆಳಗಿನ ಜಾವ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕು. ಎರಡಕ್ಕೂ ಒಂದೇ ಲ್ಯಾಂಪ್ ಸಾಕಾ ಅಂತ ಕೇಳಿದ್ದೀರಿ.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ; 6500 ಕೆಲ್ವಿನ್‌ನದು ನೀಲಿ ಛಾಯೆಯ ಬಿಳಿ. ಅಷ್ಟೇ ಬ್ಯಾಟರಿಗೆ ಬೆಳಕು ಜಾಸ್ತಿ, ಆದರೆ ಬಣ್ಣ ಪೇಲವ. ಸಿಆರ್‌ಐ ಅಂದರೆ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವುದಕ್ಕೆ ನೂರಕ್ಕೆ ಕೊಡುವ ಅಂಕ. ಅದು 70 ಇರುವ ಬೆಳಕಲ್ಲಿ ಒಣ ತರಗಿನ ಮೇಲೆ ಕೊಳಕುಮಂಡಲ ಮಲಗಿದ್ದರೆ ಸುಲಭಕ್ಕೆ ಗೊತ್ತಾಗುವುದಿಲ್ಲ. 4000 ಕೆಲ್ವಿನ್, ಸಿಆರ್‌ಐ 90 ಇದ್ದರೆ ಅದರ ಕಂದು ಮಚ್ಚೆ ಬೇರೆಯಾಗಿ ಕಾಣುವ ಸಾಧ್ಯತೆ ಜಾಸ್ತಿ. ಗದ್ದೆಗೆ ನಾನಂತೂ ಇದನ್ನೇ ಹೇಳುವುದು, ಬೆಳಕು ಸ್ವಲ್ಪ ಕಮ್ಮಿಯಾದರೂ ಸರಿ. ಗಂಬೂಟು ಮಾತ್ರ ಬಿಡಬೇಡಿ.

18650 ಅನ್ನುವ ದಪ್ಪ ರೀಚಾರ್ಜ್ ಸೆಲ್ಲಿನದು ಹೆಚ್ಚು ಹೊತ್ತು ಉರಿಯುತ್ತದೆ, ಹಣೆಗೆ ಭಾರ. ಬೆಟ್ಟಕ್ಕೆ ಸುಮ್ನೆ ಯಾಕೆ ಅಷ್ಟು ದೊಡ್ಡದು? ಜೇಬಲ್ಲಿ ಹಿಡಿಯುವ ಎಎಎ ಅನ್ನುವ ಸಣ್ಣ ಸೆಲ್ಲಿನದು ಸಾಕು, ಬಣ್ಣ ಹೇಗಿದ್ದರೂ ನಡೆಯುತ್ತೆ. ಅಲ್ಲಿ ಕಾಣಬೇಕಾದ್ದು ಮೆಟ್ಟಿಲಿನ ಅಂಚು, ಅಲ್ವಾ?