ಮನೆಯ ಕೋಳಿಯನ್ನು ಕೊಯ್ಯುವ ಬಗೆ: ಕೊರಡೋ, ಕೈಯೋ, ಡಬ್ಬಿಯೋ?

ಗದಗ ಕಡೆಯಿಂದ ಬಂದ ನಾವು ಗೋವಾದ ಫೋಂಡಾದಲ್ಲಿ ಮನೆಯ ಹಿತ್ತಲಿನಲ್ಲೇ ಜವಾರಿ ಮತ್ತು ಗಿರಿರಾಜ ಕೋಳಿಗಳನ್ನು ಸಾಕುತ್ತೇವೆ. ನಮ್ಮ ಕೈಯಿಂದಲೇ ನುಚ್ಚು ತಿಂದು ಬೆಳೆದ ಕೋಳಿ ಸಾಯುವಾಗ ಹೆದರಬಾರದು, ನರಳಬಾರದು ಎಂಬ ಒಂದೇ ಹಟದಿಂದ ಮೂರು ವಿಧಾನಗಳನ್ನು ಮಾಡಿ ನೋಡಿದ್ದೇನೆ.

ಕೊರಡಿನ ಮೇಲಿಟ್ಟು ಮಚ್ಚಿನಿಂದ ಕಡಿಯುವುದನ್ನು ಎರಡೇ ಸಲಕ್ಕೆ ಬಿಟ್ಟೆ. ಹಿಡಿಯಲು ಒಬ್ಬರು, ಕಡಿಯಲು ಒಬ್ಬರು ಬೇಕು. ಕೋಳಿ ಕತ್ತನ್ನು ಒಳಗೆಳೆದುಕೊಂಡರೆ ಏಟು ತಪ್ಪುತ್ತದೆ. ಸರಿಯಾಗಿ ಬಿದ್ದರೂ ಕಡಿದ ತಲೆಯಲ್ಲಿ ಮಿದುಳಿನ ಚಟುವಟಿಕೆ ಕೆಲವು ಸೆಕೆಂಡು ಉಳಿದಿರುತ್ತದೆ.

ಕೈಯಿಂದ ಕತ್ತಿನ ಕೀಲು ತಪ್ಪಿಸುವುದು ಇದಕ್ಕಿಂತ ಮೇಲು. ಎಡಗೈಯಲ್ಲಿ ಕಾಲುಗಳನ್ನು ಹಿಡಿದು, ಬಲಗೈಯ ಎರಡು ಬೆರಳುಗಳ ನಡುವೆ ತಲೆಯನ್ನಿಟ್ಟು, ಕೆಳಕ್ಕೆ ಎಳೆಯುತ್ತಲೇ ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಬುರುಡೆಯ ಬುಡದಲ್ಲಿ ಕೀಲು ಬಿಟ್ಟು, ಬೆರಳಿಗೆ ಅಲ್ಲೊಂದು ಸಂದು ತಾಗುತ್ತದೆ. ಆಮೇಲೆ ರೆಕ್ಕೆಗಳು ಜೋರಾಗಿ ಬಡಿಯುತ್ತವೆ. ಅದು ನರಗಳ ಸೆಳೆತವೇ ಹೊರತು ಕೋಳಿಗೆ ಎಚ್ಚರವಿದೆ ಎಂಬುದರ ಗುರುತಲ್ಲ. ಒಂದೂವರೆ ಕಿಲೋದ ಹ್ಯಾಟೆಗೆ ಈ ವಿಧಾನ ಸಾಕು. ಆದರೆ 3 ಕಿಲೋ ದಾಟಿದ ಗಿರಿರಾಜ ಹುಂಜದ ದಪ್ಪ ಕತ್ತಿನ ಮುಂದೆ ನನ್ನ ಕೈ ಸೋತು, ಎರಡನೆಯ ಸಲ ಎಳೆಯಬೇಕಾಯಿತು. ಆ ನಡುವೆ ಅದು ಕಣ್ಣು ಪಿಳುಕಿಸಿದ್ದನ್ನು ನಾನು ಮರೆತಿಲ್ಲ. ಐರೋಪ್ಯ ಒಕ್ಕೂಟದ 2009ರ ನಿಯಮವೂ ಕೈಯಿಂದ ಕತ್ತು ತಪ್ಪಿಸುವುದಕ್ಕೆ 3 ಕಿಲೋ ಮಿತಿಯನ್ನೇ ಇಟ್ಟಿದೆಯೆಂದು ತಿಳಿದದ್ದು ಆಮೇಲೆ.

ಡಬ್ಬಿಯ ವಿಧಾನವೆಂದರೆ 5 ಲೀಟರಿನ ಎಣ್ಣೆ ಕ್ಯಾನಿನ ತಳ ಕತ್ತರಿಸಿ, ಬಾಯಿಯನ್ನು ತಲೆ ತೂರುವಷ್ಟು ಅಗಲಿಸಿ, ಪೇರಲ ಮರಕ್ಕೆ ತಲೆಕೆಳಗಾಗಿ ಮೊಳೆ ಹೊಡೆದದ್ದು. ಹಿಂದಿನ ರಾತ್ರಿ ಕಾಳು ನಿಲ್ಲಿಸಿ ನೀರು ಮಾತ್ರ ಇಡುತ್ತೇವೆ. ಬೆಳಕು ಹರಿಯುವ ಮೊದಲೇ ಗೂಡಿನಿಂದ ಎತ್ತಿಕೊಂಡರೆ ಅದು ಕೂಗುವುದೂ ಇಲ್ಲ. ಡಬ್ಬಿಯೊಳಗೆ ರೆಕ್ಕೆಗಳು ಮೈಗೆ ಒತ್ತಿಕೊಂಡು, ಕೋಳಿ ಸುಮ್ಮನೆ ನೇತಾಡುತ್ತದೆ. ದವಡೆಯ ಕೆಳಗೆ ಗರಿ ಸರಿಸಿ, ಆಗಷ್ಟೇ ಮಸೆದ ಚಾಕುವಿನಿಂದ ಎರಡೂ ಬದಿಯ ರಕ್ತನಾಳಗಳನ್ನು ತಡವಿಲ್ಲದೆ ಕೊಯ್ಯಬೇಕು. ಒಂದೇ ಬದಿ ಕೊಯ್ದರೆ ಎಚ್ಚರ ತಪ್ಪುವುದು ನಿಧಾನವಾಗುತ್ತದೆ. ಈ ವಿಧಾನದ ನಿಜವಾದ ಕೊರತೆ ಇದೇ, ಏಕೆಂದರೆ ಸರಿಯಾಗಿ ಕೊಯ್ದರೂ ಎಚ್ಚರ ಆ ಕ್ಷಣಕ್ಕೇ ಹೋಗುವುದಿಲ್ಲ. ಎರಡು ನಿಮಿಷದ ಮೇಲೆ ಕಣ್ಣಿನ ಮೂಲೆಯನ್ನು ಬೆರಳಿನಿಂದ ಮುಟ್ಟಿ, ರೆಪ್ಪೆ ಅಲುಗದಿದ್ದರೆ ಮಾತ್ರ ಬಿಸಿನೀರಿಗೆ ಇಳಿಸುತ್ತೇನೆ.

ಹಾಗಾಗಿ ಈಗ ಹ್ಯಾಟೆಗಳಿಗೆ ಮೊದಲು ಕತ್ತಿನ ಕೀಲು ತಪ್ಪಿಸಿ, ಆಮೇಲೆ ಡಬ್ಬಿಯಲ್ಲಿಟ್ಟು ರಕ್ತ ಇಳಿಸುತ್ತೇನೆ. ಹುಂಜಗಳಿಗೆ ಡಬ್ಬಿ ಮತ್ತು ಚಾಕು. ಉಳಿದ ಕೋಳಿಗಳನ್ನು ಕೆಲಸ ಮುಗಿಯುವವರೆಗೆ ಗೂಡಿನಲ್ಲೇ ಮುಚ್ಚಿಡುತ್ತೇವೆ; ಬಿಟ್ಟರೆ ಅವು ಬಂದು ಪೇರಲ ಮರದ ಬುಡದ ಕೆಂಪು ಮಣ್ಣನ್ನೇ ಕುಕ್ಕುತ್ತವೆ.