ಕರುಳಿನ ಆರ್ಗನಾಯ್ಡ್ ಬೆಳೆಸಲು ಮ್ಯಾಟ್ರಿಜೆಲ್: ಬೆಂಗಳೂರಿನ ಪ್ರಯೋಗಾಲಯವೊಂದರ ವಿಮರ್ಶೆ

ರೋಗಿಗಳ ಬಯಾಪ್ಸಿಯಿಂದ ಕರುಳಿನ ಆರ್ಗನಾಯ್ಡ್ (ಅಂಗವನ್ನು ಹೋಲುವ ಪುಟ್ಟ ಕೋಶರಚನೆ) ಬೆಳೆಸುವವರಲ್ಲಿ ಬಹುತೇಕರು ನೆಚ್ಚಿಕೊಂಡಿರುವುದು ಕೋಶಗಳಿಗೆ ಆಸರೆಯಾಗುವ, ಕಾರ್ನಿಂಗ್ ಕಂಪನಿಯ ಮ್ಯಾಟ್ರಿಜೆಲ್ ಎಂಬ ಜೆಲ್ ಅನ್ನು. 2009ರಲ್ಲಿ ವಿಜ್ಞಾನಿಗಳಾದ ತೊಶಿರೊ ಸಾಟೊ, ಹಾನ್ಸ್ ಕ್ಲೆವರ್ಸ್ ಮತ್ತು ಸಂಗಡಿಗರು ಇಲಿಯ ಕರುಳಿನ ಒಂದೇ ಕಾಂಡಕೋಶದಿಂದ ಒಳಪದರದ ಕುಳಿಗಳಾದ ಕ್ರಿಪ್ಟ್ ಮತ್ತು ಬೆರಳಿನಂಥ ಚಾಚುಗಳಾದ ವಿಲ್ಲಸ್‌ಗಳನ್ನು ಹೋಲುವ ರಚನೆಯನ್ನು ಬೆಳೆಸಿದ್ದೂ ಇದರಲ್ಲೇ.

ಇದರ ಸ್ವಭಾವ ತುಪ್ಪಕ್ಕೆ ತದ್ವಿರುದ್ಧ: ತಂಪಿನಲ್ಲಿ ದ್ರವವಾಗಿದ್ದು, 10 ಡಿಗ್ರಿ ದಾಟಿದರೆ ಗಟ್ಟಿಯಾಗತೊಡಗುತ್ತದೆ. ಹಾಗಾಗಿ, ಹೆಪ್ಪುಗಟ್ಟಿಸಿ ಕಳಿಸುವ ಇದನ್ನು ರಾತ್ರಿಯಿಡೀ 4 ಡಿಗ್ರಿಯಲ್ಲಿ ಮಂಜುಗಡ್ಡೆಯ ಮೇಲಿಟ್ಟು ಕರಗಿಸಿ, ಪಿಪೆಟ್ ತುದಿಗಳನ್ನೂ ಮೊದಲೇ ತಣ್ಣಗಾಗಿಸಿ, ಬೆಚ್ಚಗಿನ ತಟ್ಟೆಯ ಮೇಲೆ ಕ್ರಿಪ್ಟ್‌ಗಳು ಬೆರೆತ ಹನಿಗಳನ್ನಿಡಬೇಕು. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ, ಎ.ಸಿ. ಕೈಕೊಟ್ಟ ಕೋಣೆಯಲ್ಲಿ, ಈ ಕೆಲಸಕ್ಕೆ ನಿಧಾನ ಸಲ್ಲದು. ಹನಿಗಳು ಸಮನಾಗಿ ಕುಳಿತರೆ ಮಾತ್ರ ಮುಂದಿನ ಅಳತೆಗೆ ಬೆಲೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಪರೀಕ್ಷೆಯನ್ನೇ ನೋಡಿ: ಫೋರ್ಸ್ಕೋಲಿನ್ ಎಂಬ ರಾಸಾಯನಿಕ ಹಾಕಿದಾಗ ಆರೋಗ್ಯವಂತರ ಆರ್ಗನಾಯ್ಡ್‌ಗಳಲ್ಲಿ ಸಿಎಫ್‌ಟಿಆರ್ ಎಂಬ, ಕೋಶಪೊರೆಯಲ್ಲಿ ಲವಣ ಸಾಗಿಸುವ ವಾಹಿನಿ ತೆರೆದು, ಒಳಗೆ ದ್ರವ ತುಂಬಿ ಅವು ಉಬ್ಬುತ್ತವೆ, ರೋಗಿಗಳವು ಬಹಳ ಕಡಿಮೆ ಉಬ್ಬುತ್ತವೆ ಇಲ್ಲವೇ ಉಬ್ಬುವುದೇ ಇಲ್ಲ. ಒಂದು ಹನಿ ದಪ್ಪ, ಇನ್ನೊಂದು ತೆಳುವಾದರೆ ಈ ವ್ಯತ್ಯಾಸವನ್ನು ನಂಬುವುದು ಕಷ್ಟ.

ಜೆಲ್ ಬಗ್ಗೆ ನನಗೆ ತಕರಾರಿಲ್ಲ; ತಕರಾರಿರುವುದು ಅದು ಬಂದು ಸೇರುವ ಬಗೆಯ ಬಗ್ಗೆ. ಒಮ್ಮೆ ಡೀಲರ್ ಕಳಿಸಿದ ಪೆಟ್ಟಿಗೆ ಹೆಬ್ಬಾಳದ ಟ್ರಾಫಿಕ್ ದಾಟಿ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಡ್ರೈ ಐಸ್ ಪೂರ್ತಿ ಆವಿಯಾಗಿ, ಸೀಸೆಯೊಳಗೆ ಗಂಟುಗಳಾಗಿದ್ದವು. ಬದಲಿ ಸೀಸೆ ಕೊಟ್ಟರಾದರೂ, ತಾಪಮಾನ ದಾಖಲಿಸುವ ಲಾಗರ್ ಇಡಿ ಎಂಬ ಬೇಡಿಕೆಗೆ ಉತ್ತರ ಬರಲಿಲ್ಲ. ಇದಾದ ಮೇಲೆ, ಪೆಟ್ಟಿಗೆ ವಾರಾಂತ್ಯದಲ್ಲಿ ದಾರಿಯಲ್ಲೇ ಉಳಿಯದಿರಲೆಂದು, ಸೋಮವಾರವೇ ರವಾನೆಯಾಗುವಂತೆ ಆರ್ಡರ್ ಕೊಡುವುದು ನಮ್ಮ ರೂಢಿ.

ಇಲಿಯ ಕ್ಯಾನ್ಸರ್ ಗೆಡ್ಡೆಯಿಂದ ತೆಗೆದ ವಸ್ತುವಾದ್ದರಿಂದ ಪ್ರೋಟೀನ್ ಪ್ರಮಾಣ, ಒಮ್ಮೆಗೆ ತಯಾರಾದ ಒಂದು ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ. ಒಂದು ಅಧ್ಯಯನಕ್ಕೆ ಬೇಕಾದಷ್ಟನ್ನೂ ಒಂದೇ ಲಾಟ್‌ನಲ್ಲಿ ಕೊಳ್ಳುವುದು ಲೇಸು. ಅದಕ್ಕೂ ಮುಂಚೆ ಚಿಕ್ಕ ಸೀಸೆಯೊಂದನ್ನು ತರಿಸಿ ಪರೀಕ್ಷಿಸಿದರೆ ಇನ್ನೂ ಲೇಸು. ಮಾನವನಿಗೆ ಕಸಿ ಮಾಡುವ ಗುರಿಯಿದ್ದವರು ಈ ಇಲಿ-ಗೆಡ್ಡೆಯ ಮೂಲದ ಕಾರಣಕ್ಕೆ ಕೃತಕ ಹೈಡ್ರೋಜೆಲ್‌ಗಳತ್ತ ನೋಡಬೇಕಾಗುತ್ತದೆ. ರೋಗದ ಅಧ್ಯಯನವಷ್ಟೇ ಉದ್ದೇಶವಾದರೆ, ಬೆಲೆ ಹೆಚ್ಚೆನಿಸಿದರೂ ನಾನು ಮತ್ತೆ ಇದನ್ನೇ ತರಿಸುತ್ತೇನೆ, ಆದರೆ ಲಾಗರ್ ಇಟ್ಟು ಕಳಿಸುವ ಡೀಲರ್‌ನಿಂದ ಮಾತ್ರ.