ಆರ್ಟ್ ಬ್ರೂಟ್: ಐದು ಆಲ್ಬಮ್ ಇವೆ, ಯಾವುದರಿಂದ ಶುರು ಮಾಡೋದು?

ಮೊನ್ನೆ ತಮ್ಮ ಫೋನ್ ಮಾಡಿ "ಅಕ್ಕಾ, ನೀನು ಯಾವಾಗ್ಲೂ ಹೇಳ್ತಿರ್ತೀಯಲ್ಲ, ಆ ಹಾಡೋಕೆ ಬಾರದ ಹಾಡುಗಾರನ ಬ್ಯಾಂಡು, ಅದರಲ್ಲಿ ಯಾವುದು ಮೊದಲು ಕೇಳ್ಲಿ?" ಎಂದ. ಮೊದಲನೇದು ಕೇಳು ಎಂದುಬಿಟ್ಟೆ. ಎಲ್ಲರೂ ಹೇಳುವುದು ಅದನ್ನೇ. ಫೋನ್ ಇಟ್ಟ ಮೇಲೆ ಅನುಮಾನ ಶುರುವಾಯಿತು. ನಾನು ಉಳಿದ ನಾಲ್ಕನ್ನು ಸರಿಯಾಗಿ ಕೇಳಿ ಎಷ್ಟು ಕಾಲವಾಯಿತು?

ಹಾಗಾಗಿ ಐದನ್ನೂ ಮೂರು ಮೂರು ಸಲ ಕೇಳಿದೆ. ಒಂದು ಸಲ ಹೆಡ್‌ಫೋನ್ ಹಾಕಿಕೊಂಡು ಸುಮ್ನೆ ಕೂತು, ಒಂದು ಸಲ ಪಾತ್ರೆ ತೊಳೆಯುತ್ತಾ, ಒಂದು ಸಲ ಸಂಜೆ ನಡೆಯುತ್ತಾ. ಮೂರು ಸಲ ಯಾಕೆಂದರೆ, ತಮಾಷೆ ಹಾಡಿನ ಕಷ್ಟವೇ ಅದು. ಮೊದಲ ಸಲ ಜೋರು ನಗು, ಎರಡನೇ ಸಲ ಮುಗುಳ್ನಗೆ, ಮೂರನೇ ಸಲ "ಆಯ್ತಪ್ಪಾ, ಗೊತ್ತಾಯ್ತು" ಅನ್ನಿಸಿಬಿಡುತ್ತದೆ. ಮೂರನೇ ಸಲಕ್ಕೂ ಏನು ಉಳಿಯಿತು ಅನ್ನುವುದೇ ನನ್ನ ಅಳತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆರ್ಟ್ ಬ್ರೂಟ್ 2003ರಲ್ಲಿ ಲಂಡನ್ನಿನಲ್ಲಿ ಶುರುವಾದ ಬ್ಯಾಂಡು. ಕಲಾಶಾಲೆಯ ಮೆಟ್ಟಿಲು ಹತ್ತದವರು ತಮಗೆ ತೋಚಿದಂತೆ ಮಾಡಿದ ಕಲೆಗೆ ಫ್ರೆಂಚ್ ಕಲಾವಿದ ಜಾನ್ ದ್ಯುಬುಫೆ ಇಟ್ಟ ಹೆಸರನ್ನೇ ಇವರು ತಮಗೆ ಇಟ್ಟುಕೊಂಡರು. ಮುಂದೆ ನಿಲ್ಲುವವನು ಎಡ್ಡಿ ಆರ್ಗೋಸ್. ಇವನು ಹಾಡುವುದಿಲ್ಲ, ಮಾತಾಡುತ್ತಾನೆ, ಕೆಲವು ಸಲ ಕೂಗುತ್ತಾನೆ, ಹಿಂದೆ ಗಿಟಾರುಗಳು ಒಂದೇ ಸಮ ಓಡುತ್ತಿರುತ್ತವೆ. 2004ರಲ್ಲಿ ಬಂದ ಮೊದಲ ಸಿಂಗಲ್‌ನ, ಅಂದರೆ ಬಿಡಿಯಾಗಿ ಬಿಟ್ಟ ಹಾಡಿನ, ವಿಷಯ ಏನು ಗೊತ್ತೇ? ನಾವೊಂದು ಬ್ಯಾಂಡು ಕಟ್ಟಿದೆವು, ನೋಡಿ! ಅಷ್ಟೇ. ಇದೇ ನನ್ನ ಹಾಡುವ ದನಿ, ಇದು ವ್ಯಂಗ್ಯ ಅಲ್ಲ ಎಂದು ಅದರಲ್ಲೇ ಹೇಳಿಬಿಡುತ್ತಾನೆ. ಆ ಮಾತನ್ನು ನೀವು ನಂಬುತ್ತೀರೋ ಇಲ್ಲವೋ ಅನ್ನುವುದರ ಮೇಲೆ ಈ ಬ್ಯಾಂಡು ನಿಮಗೆ ಹಿಡಿಸುವುದು ಬಿಡುವುದು ನಿಂತಿದೆ. ನಾನು ನಂಬುತ್ತೇನೆ.

ಆ ಸಿಂಗಲ್ಲೇ ಮೊದಲ ಹಾಡಾಗಿರುವ ಆಲ್ಬಮ್ಮು 2005ರ 'ಬ್ಯಾಂಗ್ ಬ್ಯಾಂಗ್ ರಾಕ್ ಅಂಡ್ ರೋಲ್'. ಅಮೆರಿಕದ ಸಂಗೀತ ವಿಮರ್ಶೆಯ ವೆಬ್‌ಸೈಟ್ ಪಿಚ್‌ಫೋರ್ಕ್ ಆ ವರ್ಷದ ಆಲ್ಬಮ್‌ಗಳ ಪಟ್ಟಿಯಲ್ಲಿ ಇದಕ್ಕೆ 3ನೇ ಜಾಗ ಕೊಟ್ಟಿತ್ತು. ಎರಡನೇ ಹಾಡು 'ಮೈ ಲಿಟಲ್ ಬ್ರದರ್'. ಅಣ್ಣನೊಬ್ಬ ತನ್ನ 22 ವರ್ಷದ ತಮ್ಮನ ಬಗ್ಗೆ ದೂರು ಹೇಳುತ್ತಾನೆ: ಇವನು ಈಗಷ್ಟೇ ರಾಕ್ ಅಂಡ್ ರೋಲ್ ಕಂಡುಹಿಡಿದಿದ್ದಾನೆ, ಕೈಗೆ ಸಿಗುತ್ತಿಲ್ಲ. ದೂರಿನ ಒಳಗೆ ಎಷ್ಟು ಪ್ರೀತಿ ಇದೆ ಅನ್ನುವುದು ನನಗೆ ಗೊತ್ತಾಗಿದ್ದು ಮೂರನೇ ಸಲಕ್ಕೆ, ತೊಳೆದ ತಟ್ಟೆ ಕೈಯಲ್ಲೇ ಹಿಡಿದು ನಿಂತಾಗ. 'ಎಮಿಲಿ ಕೇನ್' ಕೂಡ ಹಾಗೇ. ತನ್ನ ಹದಿನೈದನೇ ವಯಸ್ಸಿನಲ್ಲಿ ಪ್ರೀತಿಸಿದ ಹುಡುಗಿಯನ್ನು ಈಗಲೂ ಮರೆಯದವನು, ಅವಳನ್ನು ನೋಡಿ ಎಷ್ಟು ವರ್ಷ, ಎಷ್ಟು ತಿಂಗಳು, ಎಷ್ಟು ವಾರ ಎಂದು ಶುರುಮಾಡಿ ಸೆಕೆಂಡಿನವರೆಗೆ ಲೆಕ್ಕ ಒಪ್ಪಿಸುತ್ತಾನೆ. ಕೇಳುವವರಿಗೆ ನಗು ಬರುತ್ತದೆ. ಅವನು ಮಾತ್ರ ನಗುತ್ತಿಲ್ಲ! 'ಮಾಡರ್ನ್ ಆರ್ಟ್'ನಲ್ಲಿ ಲಂಡನ್ನಿನ ಟೇಟ್ ಗ್ಯಾಲರಿಗೆ ಹೋಗಿ ಡೇವಿಡ್ ಹಾಕ್ನಿಯ ಚಿತ್ರದ ನೀಲಿ ಬಣ್ಣ ನೋಡಿ ಮೈಮರೆಯುತ್ತಾನೆ. ಚಿತ್ರ ನೋಡಿ ಗಂಭೀರವಾಗಿ ಗಡ್ಡ ಸವರಿಕೊಳ್ಳುವ ಜನರ ನಡುವೆ ಕುಣಿಯಬೇಕು ಅನ್ನಿಸುವವನ ಹಾಡು ಇದು.

ದೂರು ಇಲ್ಲವೇ? ಇದೆ. ಕೊನೆಯ ಮೂರ್ನಾಲ್ಕು ಹಾಡುಗಳು ಪಾತ್ರೆ ತೊಳೆಯುವಾಗ ಯಾವಾಗ ಬಂದು ಹೋದವೋ ಗೊತ್ತೇ ಆಗಲಿಲ್ಲ. ಮತ್ತೆ ಸದ್ದು ತೆಳುವು. ದೊಡ್ಡ ಸ್ಪೀಕರಿನಲ್ಲಿ ಹಾಕಿದರೆ ಪಕ್ಕದ ರೂಮಿನಲ್ಲಿ ಯಾರೋ ನುಡಿಸುತ್ತಿದ್ದಾರೆ ಅನ್ನಿಸುತ್ತದೆ.

2007ರ 'ಇಟ್ಸ್ ಎ ಬಿಟ್ ಕಾಂಪ್ಲಿಕೇಟೆಡ್' ಅದಕ್ಕೆ ಉಲ್ಟಾ. ಸದ್ದು ನೀಟಾಗಿದೆ, ಗಿಟಾರು ತುಂಬಿಕೊಂಡಿದೆ, ಕೋರಸ್ಸುಗಳು ಪಾಪ್ ಹಾಡಿನ ಹಾಗೆ ಮೇಲೇಳುತ್ತವೆ. ಅಷ್ಟರಲ್ಲಿ ಗಿಟಾರಿಸ್ಟ್ ಕ್ರಿಸ್ ಚಿಂಚಿಲಾ ಬಿಟ್ಟು ಹೋಗಿ ಜಾಸ್ಪರ್ ಫ್ಯೂಚರ್ ಬಂದಿದ್ದ. ಹೆಡ್‌ಫೋನಿಗೆ ಇದೇ ಚೆನ್ನ. ಆದರೆ ಮೊದಲನೆಯದರಲ್ಲಿ ಇದ್ದ ಬ್ಯಾಂಡು ಕಟ್ಟಿದ ಖುಷಿ ಇಲ್ಲಿ ಖಾಲಿಯಾಗಿ, ಪ್ರೀತಿ, ಜಗಳ, ಕ್ಯಾಸೆಟ್ಟು, ರೈಲು ಎಂದು ಸುತ್ತಾಡುತ್ತದೆ. ತಮ್ಮನಿಗೆ ಮೆಸೇಜು ಹಾಕಿದೆ: ಎರಡನೇದು ಬಿಟ್ಟುಬಿಡು.

ಈಗ ಮೂರನೆಯದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನನ್ನ ಲೆಕ್ಕ ತಪ್ಪಿದ್ದು ಇಲ್ಲೇ. 2009ರ 'ಆರ್ಟ್ ಬ್ರೂಟ್ ವರ್ಸಸ್ ಸೇಟನ್' ನಿರ್ಮಾಣ ಮಾಡಿದವನು, ಅಂದರೆ ರೆಕಾರ್ಡಿಂಗಿನ ಉಸ್ತುವಾರಿ ನೋಡಿಕೊಂಡವನು, ಅಮೆರಿಕದ ಪಿಕ್ಸೀಸ್ ಬ್ಯಾಂಡಿನ ಬ್ಲ್ಯಾಕ್ ಫ್ರಾನ್ಸಿಸ್. ಐವರೂ ಒಂದೇ ರೂಮಿನಲ್ಲಿ ನಿಂತು ನುಡಿಸಿದ ಹಾಗೆ ಕೇಳಿಸುತ್ತದೆ. ಮೈಕೀ ಬ್ರೇಯರ್‌ನ ಡ್ರಮ್ಸು ಎದೆಗೆ ಬಡಿಯುತ್ತದೆ. ಎಡ್ಡಿಯ ಮಾತು ಒಂದೊಂದೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ, ಇದು ನಮ್ಮಂಥವರಿಗೆ ಸಣ್ಣ ವಿಷಯ ಅಲ್ಲ. ಬ್ರಿಟಿಷರ ಉಚ್ಚಾರ, ಮೇಲಿಂದ ಗಡಿಬಿಡಿ, ಅದರ ಮೇಲೆ ಗಿಟಾರು ಅಂದರೆ ಅರ್ಧ ಜೋಕು ತಪ್ಪಿಹೋಗುತ್ತದೆ ಅಲ್ವಾ? ಇಲ್ಲಿ ತಪ್ಪುವುದಿಲ್ಲ.

ಮೊದಲ ಹಾಡು 'ಆಲ್ಕೊಹಾಲಿಕ್ಸ್ ಯುನಾನಿಮಸ್', ಕುಡಿದ ಮರುದಿನ ಬೆಳಗ್ಗೆ ಎದ್ದು ರಾತ್ರಿ ಯಾರ್ಯಾರಿಗೆ ಏನೇನು ಅಂದೆನೋ ಎಂದು ಒದ್ದಾಡುವವನದು. ಇನ್ನೊಂದರಲ್ಲಿ, 28 ವರ್ಷವಾದರೂ ನನಗೆ ಡಿಸಿ ಕಾಮಿಕ್ಸು, ಚಾಕೊಲೇಟ್ ಮಿಲ್ಕ್‌ಶೇಕು ಬೇಕೇ ಬೇಕು ಎನ್ನುತ್ತಾನೆ. 'ದ ಪ್ಯಾಸೆಂಜರ್'ನಲ್ಲಿ ಬಸ್ಸು ರೈಲಿನಲ್ಲಿ ಓಡಾಡುವುದೇ ಸುಖ ಎನ್ನುತ್ತಾನೆ. 'ದ ರಿಪ್ಲೇಸ್‌ಮೆಂಟ್ಸ್' ಅನ್ನುವ ಹಾಡಿನಲ್ಲಿ, ಆ ಹೆಸರಿನ ಅಮೆರಿಕದ ಬ್ಯಾಂಡು ತನಗೆ ಇಷ್ಟು ತಡವಾಗಿ ಸಿಕ್ಕಿತಲ್ಲ ಎಂದು ಗೋಳಾಡುತ್ತಾನೆ. ನೋಡಿ, ಮೊದಲ ಆಲ್ಬಮ್ಮಿನಲ್ಲಿ ತಮ್ಮ ರಾಕ್ ಅಂಡ್ ರೋಲ್ ಕಂಡುಹಿಡಿದ ಅಂತ ದೂರಿದವನು, ನಾಲ್ಕು ವರ್ಷದ ನಂತರ ತಾನೇ ಆ ತಮ್ಮನಾಗಿದ್ದಾನೆ! ಇದು ನನಗೆ ಹೊಳೆದದ್ದು ನಡೆಯುವಾಗ. ರಸ್ತೆಯಲ್ಲಿ ಒಬ್ಬಳೇ ನಕ್ಕೆ.

ಬರೀ ಹಾಡು ಹಾಡಿಗೆ ಹೋಲಿಸಿದರೆ 'ಎಮಿಲಿ ಕೇನ್' ಪಕ್ಕ ನಿಲ್ಲುವಂಥದ್ದು ಇದರಲ್ಲಿ ಇಲ್ಲ, ಒಪ್ಪುತ್ತೇನೆ. ಏಳು ನಿಮಿಷದ ಕೊನೆಯ ಹಾಡು ನಾಲ್ಕಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮೂರನೇ ಸಲಕ್ಕೂ ಬೇಜಾರಿಲ್ಲದೆ ಕೂತು ಕೇಳಿದ ಆಲ್ಬಮ್ಮು ಇದೊಂದೇ.

2011ರ 'ಬ್ರಿಲಿಯಂಟ್! ಟ್ರ್ಯಾಜಿಕ್!' ಕೂಡ ಬ್ಲ್ಯಾಕ್ ಫ್ರಾನ್ಸಿಸ್‌ನದೇ ನಿರ್ಮಾಣ. ಈ ಸಲ ಅವನು ಎಡ್ಡಿಗೆ ಹಾಡೋದನ್ನು ಕಲಿಸಿದ. ಕಲಿಸಬಾರದಿತ್ತು. ಪಿಸುಗುಡುತ್ತಾನೆ, ರಾಗ ಎಳೆಯುತ್ತಾನೆ, ಪಾಪ ಕಷ್ಟಪಡುತ್ತಾನೆ. ಉಳಿದದ್ದು 'ಆಕ್ಸಲ್ ರೋಸ್' ಒಂದು. ಅದರಲ್ಲಿ ಕೂಗುತ್ತಾನೆ.

ಆಮೇಲೆ 2013ರಲ್ಲಿ ಒಂದು ಸಂಗ್ರಹ ಬಂತು, ಹೆಸರು 'ಟಾಪ್ ಆಫ್ ದ ಪಾಪ್ಸ್'. ಮೊದಲ ಸಿಂಗಲ್‌ನಲ್ಲಿ ಎಡ್ಡಿ, ಬಿಬಿಸಿಯ ಅದೇ ಹೆಸರಿನ ಟೀವಿ ಕಾರ್ಯಕ್ರಮದಲ್ಲಿ ಎಂಟು ವಾರ ಬಿಡದೆ ನುಡಿಸುತ್ತೇವೆ ಎಂದು ಕೊಚ್ಚಿಕೊಂಡಿದ್ದ. ಕಾರ್ಯಕ್ರಮವೇ 2006ರಲ್ಲಿ ನಿಂತುಹೋಯಿತು. ಹೆಸರನ್ನಾದರೂ ಎತ್ತಿಕೊಂಡರು! ಅವಸರದಲ್ಲಿ ಇರುವವರು ಇದರಿಂದ ಶುರುಮಾಡಬಹುದು, ಆದರೆ ನನಗೆ ಸಂಗ್ರಹ ಅಂದರೆ ಮದುವೆಮನೆಯಲ್ಲಿ ಬರೀ ಸಿಹಿ ಬಡಿಸಿಕೊಂಡ ಹಾಗೆ.

2018ರ 'ವ್ಯಾಮ್! ಬ್ಯಾಂಗ್! ಪೌ! ಲೆಟ್ಸ್ ರಾಕ್ ಔಟ್!' ಏಳು ವರ್ಷದ ನಂತರ ಬಂದದ್ದು. ಡ್ರಮ್ಸಿಗೂ ಒಂದು ಗಿಟಾರಿಗೂ ಹೊಸಬರು, ಕಹಳೆ ವಾದ್ಯಗಳೂ ಸೇರಿವೆ. ನಿರೀಕ್ಷೆ ಇಲ್ಲದೆ ಹಾಕಿದ್ದೆ, ನಡೆಯುವಾಗ ಇದರಷ್ಟು ಕಾಲೆತ್ತಿಸಿದ್ದು ಬೇರೆ ಇಲ್ಲ. 'ಹಾಸ್ಪಿಟಲ್!' ಎನ್ನುವ ಹಾಡು ಅವನು ಆಸ್ಪತ್ರೆ ಸೇರಿದ್ದರ ಬಗ್ಗೆ, ಅದರಲ್ಲೂ ಅಳುಮುಖ ಮಾಡುವುದಿಲ್ಲ. ಹೊಸಬರಿಗೆ ಬೇಡ. ಹಳಬರಿಗೆ ಹಳೇ ಗೆಳೆಯ ಗುಣವಾಗಿ ಮನೆಗೆ ಬಂದ ಹಾಗೆ.

ಕೊನೆಗೆ ತಮ್ಮನಿಗೆ ಇನ್ನೊಂದು ಮೆಸೇಜು ಹಾಕಿದೆ: ಮೂರನೇದರಿಂದ ಶುರು ಮಾಡು, ಆಮೇಲೆ ಮೊದಲನೇದು, ಆಮೇಲೆ ಐದನೇದು, ಎರಡು ಮತ್ತು ನಾಲ್ಕು ನಿನ್ನಿಷ್ಟ. ಮೂರು ದಿನ ಸದ್ದಿಲ್ಲ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಒಂದು ಲಿಂಕು ಬಂತು. ನಾನು ಬಿಟ್ಟುಬಿಡು ಎಂದಿದ್ದ ಎರಡನೇ ಆಲ್ಬಮ್ಮಿನ ಮೊದಲ ಹಾಡು, 'ಪಂಪ್ ಅಪ್ ದ ವಾಲ್ಯೂಮ್'. ಮುತ್ತು ಕೊಡುತ್ತಿರುವಾಗ ಒಳ್ಳೇ ಪಾಪ್ ಹಾಡು ಬಂದರೆ, ಮುತ್ತು ನಿಲ್ಲಿಸಿ ಸೌಂಡ್ ಜಾಸ್ತಿ ಮಾಡುವುದು ತಪ್ಪೇ ಎಂದು ಕೇಳುವ ಹಾಡು. ಕೆಳಗೆ ಬರೆದಿದ್ದ: "ಅಕ್ಕಾ, ಇದನ್ನ ಹೇಗೆ ಬಿಟ್ಟೆ ನೀನು?"